ದೋಸ್ತಗೊಂದು ಪತ್ರ: ಒಂದರ ಮ್ಯಾಲ ಚಪ್ಪಾಳಿ ಹೊಡೀಬ್ಯಾಡ

ದೋಸ್ತ,

ಹಿಂದೂಸ್ತಾನಿ ಖಯಾಲ್, ಅಮೆರಿಕಾದ ಕಪ್ಪು ಮಂದಿಯ ಬ್ಲೂಸ್, ಜಮೈಕಾದ ರೆಗ್ಗೆ, ನಮ್ಮ ಚೌಡಕಿ ಪದ ಎಲ್ಲಾ ಒಂದ ಕಿವಿಗೆ ಹೆಂಗ ಹಿಡಿಸ್ತಾವು ಅಂತ ಕೇಳಿದ್ದಿ. ಇಲ್ಲೇ ಎಲ್ಲಾರ ಮುಂದ ಬರೀತೀನಿ, ಇದ ಮಾತು ಕೇಳಾವ್ರು ಇನ್ನೂ ನಾಕು ಮಂದಿ ಅದಾರ.

ಮೊದಲ ಫೋನಿನ ಸ್ಪೀಕರ್ ಬಿಡು. ಬೇಸ್ ಗಿಟಾರಿನ ಎಲ್ಲಾಕ್ಕಿಂತ ದಪ್ಪ ತಂತಿ ಸುಮಾರು 41 ಹರ್ಟ್ಜ್‌ಗೆ ಮಿಡೀತೈತಿ. ಅಷ್ಟು ತಗ್ಗಿನ ದನಿ ಆ ಬೆರಳಗಲದ ಸ್ಪೀಕರಿನಿಂದ ಹೊರಗ ಬೀಳೂದ ಇಲ್ಲ. ತಬಲಾ ಜೋಡಿಯೊಳಗಿನ ದೊಡ್ಡ ಡಗ್ಗಾದ ಗುಂಯ್ ಅನ್ನೂದೂ ಅರ್ಧ ಸಾಯ್ತೈತಿ. ರೆಗ್ಗೆ ಸಪ್ಪಗೈತಿ ಅಂದೆಲ್ಲ, ತಪ್ಪು ಹಾಡಿಂದಲ್ಲ. ಕಿವಿ ಪೂರಾ ಮುಚ್ಚೂವಂಥ ಸಾದಾ ಹೆಡ್‌ಫೋನ್ ಸಾಕು.

ಆಮ್ಯಾಲ ಎಣಿಸೂದು ಕಲಿ. ರಾಗದ ಹೆಸರು ತಡಾ ಆಗಿ ಬಂದ್ರೂ ನಡೀತೈತಿ. ಭಾಳ ನಿಧಾನದ ವಿಲಂಬಿತ ಏಕತಾಲದಿಂದ ಸುರು ಮಾಡಿದವ್ರು ಬ್ಯಾಸತ್ತು ಬಿಟ್ಟಬಿಡ್ತಾರ. ಅದರ 12 ಮಾತ್ರೆ, ಅಂದ್ರ ಎಣಿಕಿ ಪೆಟ್ಟು, ಮುಗಿಯಾಕ ಮುಕ್ಕಾಲು ನಿಮಿಷ ಹಿಡದ್ರ ಹೊಸಾ ಕಿವಿಗೆ ಸಮ, ಅಂದ್ರ ಸುತ್ತಿನ ಒಂದನೇ ಪೆಟ್ಟು, ಎಲ್ಲೈತಿ ಅಂತ ಹೆಂಗ ತಿಳೀಬೇಕು? ನಡುವಿನ ವೇಗದ, ಮಧ್ಯಲಯದ ತೀನತಾಲ ಹಚ್ಚು, 16 ಮಾತ್ರೆ. ಗಾಯಕರನ್ನ ಬಿಟ್ಟು ಡಗ್ಗಾದ ಬೆನ್ನು ಹತ್ತು. 10ನೇ ಮಾತ್ರೆಗೆ "ತಿನ್ ತಿನ್ ತಾ ತಾ" ಸುರು ಆಗಿ ಡಗ್ಗಾ ಬಾಯಿ ಮುಚ್ಚತೈತಿ. 14ಕ್ಕ ಹೊಳ್ಳಿ ಬಾಯಿ ಬಿಡ್ತೈತಿ. ಅಲ್ಲಿಂದ ಧಿನ್, ಧಿನ್, ಧಾ, ಮುಂದಿನ ಪೆಟ್ಟ ಸಮ. ಹತ್ತು ಆವರ್ತನ (ಸುತ್ತು) ಹಿಂಗ ಹಿಡದ್ರ ಗಾಯಕರು ಸಮಕ್ಕ ಹೆಂಗ ಓಡಿ ಬರ್ತಾರಂತ ತಾನ ಕಾಣಸ್ತೈತಿ.

ಅದ ಎಣಿಕಿ ಬ್ಲೂಸಿಗೂ ಒಯ್ಯಿ. ನಾಕ ನಾಕ ಪೆಟ್ಟಿನ 12 ಬಾರ್, ಒಟ್ಟ 48. ಐದನೇ ಬಾರ್‌ಗೆ ಗಿಟಾರು ಷಡ್ಜ ಬಿಟ್ಟು ಮಧ್ಯಮಕ್ಕ ಹೋಗ್ತೈತಿ, ಏಳಕ್ಕ ತಿರುಗಿ ಬರ್ತೈತಿ, ಒಂಬತ್ತಕ್ಕ ಪಂಚಮ, ಹನ್ನೊಂದಕ್ಕ ಮನಿಗೆ. ಹಾಡಾವ ಒಂದ ಸಾಲು ಎರಡು ಸರ್ತಿ ಹೇಳಿ, ಮೂರನೇದಕ್ಕ ಉತ್ತರಾ ಕೊಡ್ತಾನ. ಇನ್ನ ರೂಪಕ ತಾಲ. ಏಳು ಮಾತ್ರೆ, ಸಮನ ಖಾಲಿ, ಅಂದ್ರ ಒಂದರ ಮ್ಯಾಲ ಚಪ್ಪಾಳಿ ಇಲ್ಲ, ಬರೇ ಕೈ ಬೀಸೂದು. ಜಮೈಕಾದವ್ರ "ಒನ್ ಡ್ರಾಪ್" ಒಳಗೂ ದೊಡ್ಡ ಡ್ರಮ್ಮು ಒಂದನೇ ಪೆಟ್ಟು ಬಿಟ್ಟು ಮೂರರ ಮ್ಯಾಲ ಬೀಳ್ತೈತಿ. ಇವೆರಡಕ್ಕ ನಂಟಿಲ್ಲ, ಆದ್ರ ರೂಪಕ ಕೂತ ಕಿವಿ ರೆಗ್ಗೆಯೊಳಗ ಎಡವೂದಿಲ್ಲ.

ಬೆಳಗಾವಿ ಮಗ್ಗಲದ ಸುಳೇಭಾವಿಯಾಗ 1924ರಾಗ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಕ್ಷಯದಿಂದ ಮಧ್ಯಪ್ರದೇಶದ ದೇವಾಸದಾಗ ಹಾಸಿಗಿ ಹಿಡದಾಗ ಮಾಳವಾದ ಹಳ್ಳಿ ಹಾಡು ಕೇಳಿದ್ರು. ಮುಂದ ಆ ಧಾಟಿಯೊಳಗಿಂದನ ಹೊಸಾ ರಾಗ ತಗದ್ರು. ಖಯಾಲ್, ಹಳ್ಳಿ ಹಾಡು ಎರಡೂ ಹಿಡಿಸೂವಷ್ಟು ದೊಡ್ಡ ಕಿವಿ.

ನಮ್ಮ ಜಿಲ್ಲಾದಾಗ ಅಂಥಾ ಹಾಡಂದ್ರ ಸವದತ್ತಿ ಎಲ್ಲಮ್ಮನ ಚೌಡಕಿ ಪದ. ಚೌಡಕಿನ ಹತ್ತರದಿಂದ ನೋಡು. ಟೊಳ್ಳು ಕೊಳಗ, ತಳಕ್ಕ ತೊಗಲು, ತೊಗಲಿನ ನಡುವಿಂದ ಹೊರಟ ಒಂದ ತಂತಿ ಮ್ಯಾಲ ದಂಡದ ಬಿರಡಿಗೆ ಸುತ್ತೈತಿ. ಎಡಗೈ ಕಂಕಳಾಗ ಅವಚಿ ಬಲಗೈಲೆ ಮೀಟ್ತಾರ. ತಂತಿ ನಡುಗಿದ್ದು ನೆಟ್ಟಗ ತೊಗಲಿಗೇ ಹೋಗ್ತೈತಿ, ಅದಕ್ಕ ಒಂದ ಪೆಟ್ಟಿನಾಗ ತಂತಿನೂ ಕೇಳಸ್ತೈತಿ, ಚರ್ಮವಾದ್ಯನೂ ಕೇಳಸ್ತೈತಿ. ಮಳಿಗಾಲದಾಗ ತೊಗಲು ಸಡಲಿ ದನಿ ಮಂಕಾಗ್ತೈತಿ, ಬಿರಡಿ ಎಷ್ಟು ತಿರುವಿದ್ರೂ ಏರಂಗಿಲ್ಲ. ಮೊದಲ ತೊಗಲು ಕಾಯಸ್ಬೇಕು, ಆಮ್ಯಾಲ ಬಿರಡಿಗೆ ಕೈ. ಇಲ್ಲಂದ್ರ ತಂತಿ ಹರೀತೈತಿ.

ನೋಡು, ಇಲ್ಲೇ ನನಗ ಕಸಿವಿಸಿ. ಬ್ಲೂಸ್ ಕೇಳುವಾಗ ಗುಲಾಮಗಿರಿ ನೆನಪಾಗಿ ತಲಿ ತಗ್ಗಸ್ತೀನಿ. ಚೌಡಕಿ ಕೇಳುವಾಗ ಬರೇ ತಂತಿ, ಬರೇ ಲಯ. ಹಾಡೂ ಜೋಗತಿಗೆ ಮುತ್ತು ಕಟ್ಟಿ ಎಲ್ಲಮ್ಮಗ ಬಿಟ್ಟಾಗ ಆಕಿ ವಯಸ್ಸು ಎಷ್ಟಿತ್ತು? ಇಷ್ಟು ವರ್ಷದಾಗ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಿದ್ದು ಮೊನ್ನೆ ಮೊನ್ನೆ. ಹಿಂಗ ಹೆಣ್ಣಮಕ್ಕಳನ್ನ ದೇವದಾಸಿ ಅಂತ ದೇವರಿಗೆ ಬಿಡಬಾರದು ಅಂತ 1982ರಾಗನ ಕಾಯ್ದೆ ಬಂತು. ಆ ಪದ್ಧತಿ ಒಂದು ಮನ್ಯಾಗೂ ಉಳೀಬಾರದು. ಆದ್ರ ಆ ದನಿ ನಿಲ್ಲಬಾರದು ಅಂತನೂ ಹೊಟ್ಟಿಯೊಳಗಿಂದ ಆಸೆ ಬರ್ತೈತಿ. ಎರಡೂ ಒಂದ ಬಾಯಾಗ ಹೆಂಗ ಹೇಳ್ಲಿ? ದನಿ ಬೇಕು ಅನ್ನಾವ, ಆ ದನಿ ಎಂಥಾ ಬದುಕಿನಿಂದ ಬಂತು ಅಂತ ಕೇಳದಾವ, ಅಂಥಾವ ಸಂಗೀತಪ್ರೇಮಿ ಏನಪಾ? ಕೆಲವು ರಾತ್ರಿ ಹಾಡು ಅರ್ಧಕ್ಕ ನಿಲ್ಲಸ್ತೀನಿ. ನಿಲ್ಲಿಸಿದ್ರ ಆಕಿ ಬಾಯಿ ಮುಚ್ಚಿಸಿದಂಗ ಅನಸಿ, ಮತ್ತ ಹಚ್ಚತೀನಿ. ಈಗ ಕಡೀತನಾ ಕೇಳ್ತೀನಿ. ಸಾಲು ಬರಕೋತೀನಿ. ಎಲ್ಲಮ್ಮನ್ನ ಬೈಯೂ ಸಾಲು ಎಷ್ಟ ಅದಾವಂತ ಆವಾಗ ತಿಳೀತು.

ಇಷ್ಟು ಬರಿಯಾಕ ಕೂತಿರಲಿಲ್ಲ. ಇರಲಿ, ಬರದಿದ್ದು ಅಳಸೂದಿಲ್ಲ.

ಭಾರತ ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಹೋಗೂಣು, ಫೋನು ಕಿಸೆದಾಗ ಇಟ್ಟು. ಅಲ್ಲಿತನಾ ರೂಪಕ ಎಣಿಸು. ಒಂದರ ಮ್ಯಾಲ ಮಾತ್ರ ಚಪ್ಪಾಳಿ ಹೊಡೀಬ್ಯಾಡ. ಕುಂದಾ ತರೂದು ಮರೀಬ್ಯಾಡ.

ನಿನ್ನ ದೋಸ್ತ