ಕರಾವಳಿಯ ಬೈಕಿಗೆ ಸಿಹಿನೀರಿನ ಸ್ನಾನ ಬೇಕು

ಮಾನ್ಯರೇ,

ಮಳೆಗಾಲ ಕಳೆಯುತ್ತಿದ್ದಂತೆ ಕಾರವಾರದ ಗ್ಯಾರೇಜುಗಳ ಮುಂದೆ ಸೈಲೆನ್ಸರ್ ತೂತಾದ, ಮಡ್‌ಗಾರ್ಡ್ ತುಕ್ಕು ಹಿಡಿದ, ಚೈನ್ ಬಿಗಿದುಕೊಂಡ ಬೈಕುಗಳು ಸಾಲುಗಟ್ಟುತ್ತವೆ. ಸವಾರರು ಕಂಪನಿಯನ್ನೋ ಮಳೆಯನ್ನೋ ದೂರುತ್ತಾರೆ. ಆದರೆ ಈ ಹಾನಿಯ ಬಹುಪಾಲು ಉಪ್ಪಿನಿಂದ ಆಗುವಂಥದ್ದು. ಅದನ್ನು ತಡೆಯಲು ದುಬಾರಿ ಪಾಲಿಶ್ ಬೇಕಿಲ್ಲ; ಮನೆಯಂಗಳದಲ್ಲಿ ವಾರಕ್ಕೊಮ್ಮೆ ಬೈಕನ್ನು ಸಿಹಿನೀರಿನಲ್ಲಿ ನಿಧಾನವಾಗಿ ತೊಳೆದರೆ ಸಾಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಸವಾರರ ಗಮನಕ್ಕೆ ತರಬಯಸುತ್ತೇನೆ.

ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗುತ್ತದೆ. ಕೋಡಿಬಾಗ, ಬೈತಖೋಲ, ಬಿಣಗಾದಂಥ ಕಡಲಂಚಿನ ಊರುಗಳಲ್ಲಿ ವರ್ಷದ ಎಷ್ಟೋ ರಾತ್ರಿಗಳಲ್ಲಿ ಗಾಳಿ ಅದಕ್ಕಿಂತ ಹೆಚ್ಚು ತೇವವಾಗಿರುವುದರಿಂದ, ಜಗಲಿಯಲ್ಲಿ ನಿಲ್ಲಿಸಿದ ಬೈಕು ನೋಡಲು ಒಣಗಿದ್ದರೂ ಅದರ ಲೋಹದ ಮೇಲೆ ಉಪ್ಪುನೀರಿನ ತೆಳು ಪೊರೆಯೊಂದು ಉಳಿದೇ ಇರುತ್ತದೆ. ಮಳೆಯೇ ತೊಳೆಯುತ್ತದಲ್ಲ ಎನ್ನುವವರು ಹಿಂದಿನ ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿ ನೋಡಬೇಕು. ಮಳೆ ಟ್ಯಾಂಕನ್ನೂ ಸೀಟನ್ನೂ ತೊಳೆಯುತ್ತದೆ. ಒಳಗೆ ಮೆತ್ತಿದ ಕೆಂಪು ಮಣ್ಣು ಮಾತ್ರ ಹಸಿಯಾಗಿಯೇ ಇದ್ದು, ಉಪ್ಪನ್ನು ಲೋಹಕ್ಕೆ ಒತ್ತಿ ಹಿಡಿದಿರುತ್ತದೆ. ಒಣಬಟ್ಟೆಯಲ್ಲಿ ಒರೆಸುವುದಂತೂ ಬೇಡವೇ ಬೇಡ. ಉಪ್ಪು ಹೋಗುವುದಿಲ್ಲ, ಮರಳಿನ ಕಣಗಳು ಬಣ್ಣವನ್ನು ಗೀರುತ್ತವೆ.

ತೊಳೆಯುವ ಮುನ್ನ ಎಂಜಿನ್ ತಣ್ಣಗಾಗಿರಬೇಕು, ಬೈಕು ನೆರಳಿನಲ್ಲಿರಬೇಕು, ಸೈಲೆನ್ಸರಿನ ಬಾಯಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿರಬೇಕು. ಮೊದಲು ಬರೀ ನೀರು ಹಾಯಿಸಿ ಮಣ್ಣು ನೆನೆಯಲು ಬಿಟ್ಟು, ಆಮೇಲೆ ವಾಹನದ ಶಾಂಪೂ ಬೆರೆಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಮೇಲಿನಿಂದ ಕೆಳಕ್ಕೆ ಬರಬೇಕು. ಬಟ್ಟೆ ಹಿಂಡಲು ಬೇರೆಯೇ ಬಕೆಟ್ ಇರಲಿ. ಬಟ್ಟೆ ಒಗೆಯುವ ಪುಡಿಯ ಕ್ಷಾರ ಬಣ್ಣದ ಮೇಲಿನ ವ್ಯಾಕ್ಸನ್ನು ತೆಗೆದುಹಾಕುತ್ತದೆ. ಕಡಲ ಬದಿಯ ಕೆಲವು ಬಾವಿಗಳ ನೀರು ಏಪ್ರಿಲ್, ಮೇ ತಿಂಗಳಲ್ಲಿ ಸವುಳಾಗುವುದರಿಂದ ಆಗ ಬಳಸುವ ಮೊದಲು ನಾಲಿಗೆಗೆ ಒಂದು ಹನಿ ಹಾಕಿ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಹಂಚಿನ ಸೂರಿನ ಕೆಳಗಿಟ್ಟ ಡ್ರಮ್ಮಿನ ನೀರು ಈ ಕೆಲಸಕ್ಕೆ ಧಾರಾಳ ಸಾಕು.

ಚೈನಿನ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ಎಂಜಿನ್ ಓಡಿಸಿಕೊಂಡು ಚೈನ್ ಒರೆಸುವ ಅಭ್ಯಾಸ ನಮ್ಮ ಹುಡುಗರಲ್ಲಿದೆ; ಬಟ್ಟೆಯ ತುದಿ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಎಂಜಿನ್ ನಿಲ್ಲಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಬ್ರಶ್ಶಿನಿಂದ ಉಜ್ಜಬೇಕು. ರಬ್ಬರ್ ಉಂಗುರಗಳಿರುವ ಚೈನಿಗೆ ಪೆಟ್ರೋಲ್ ತಾಗಿಸಬಾರದು. ಪೂರ್ತಿ ಒಣಗಿದ ಮೇಲೆ ಗೇರ್ ಆಯಿಲನ್ನೋ ಚೈನ್ ಸ್ಪ್ರೇಯನ್ನೋ ಒಳಬದಿಗೆ ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಬೇಕು. ಬ್ರೇಕ್ ಡಿಸ್ಕಿಗೆ ಎಣ್ಣೆಯಾಗಲಿ ಪಾಲಿಶ್ ಆಗಲಿ ಒಂದು ಹನಿಯೂ ಸಿಡಿಯಕೂಡದು. ಕೊನೆಗೆ ಒಂದೆರಡು ಕಿಲೋಮೀಟರ್ ಓಡಿಸಿ, ದಾರಿಯಲ್ಲಿ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಡುತ್ತ ಬಂದರೆ ಬ್ರೇಕೂ ಸಂದಿಗೊಂದಿಯ ನೀರೂ ಒಣಗುತ್ತವೆ.

ಇಷ್ಟೆಲ್ಲ ಏಕೆ, ವಾಟರ್ ಸರ್ವಿಸಿಗೆ ಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ನಾನು ಬಿಟ್ಟ ಒಂದು ಕಡೆ ರಭಸದ ನೀರನ್ನು ನೇರವಾಗಿ ಚಕ್ರದ ಬೇರಿಂಗಿಗೂ ಮುಂದಿನ ಫೋರ್ಕಿನ ಸೀಲಿಗೂ ಹೊಡೆದರು. ಮೇಲಿಂದ ಹೊಳಪು ಬರಲೆಂದು ಇಡೀ ಬೈಕಿಗೆ ಡೀಸೆಲ್ ಸಿಂಪಡಿಸಿದರು. ಡೀಸೆಲ್ ರಬ್ಬರನ್ನು ಉಬ್ಬಿಸುತ್ತದೆ, ದೂಳನ್ನು ಸೆಳೆಯುತ್ತದೆ, ಬ್ರೇಕಿಗೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ತೊಳೆದ ನೀರಿನೊಂದಿಗೆ ಅದು ಗಟಾರ ಸೇರಿ ಕಡಲಿಗೂ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನವರು ಈ ಪದ್ಧತಿಯನ್ನು ಕೂಡಲೇ ಕೈಬಿಡಬೇಕು. ಗ್ರಾಹಕರು ಸಹ ಡೀಸೆಲ್ ಹೊಡೆಯಬೇಡಿ ಎಂದು ಮೊದಲೇ ಹೇಳಬೇಕು.

ನಾವು ಎಷ್ಟು ತೊಳೆದರೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳು ಮಂಜುಗಡ್ಡೆ ಕರಗಿದ ಉಪ್ಪುನೀರನ್ನು ಸುರಿಸುತ್ತ ಸಾಗಿದರೆ ಮರುದಿನವೇ ಅದು ಬೈಕಿನ ಅಡಿಗೆ ಸಿಡಿದಿರುತ್ತದೆ. ತಿರುವುಗಳಲ್ಲಿ ಆ ಲೋಳೆಯ ಮೇಲೆ ದ್ವಿಚಕ್ರ ವಾಹನ ಜಾರುವ ಅಪಾಯ ಬೇರೆ. ನೀರು ಸಂಗ್ರಹಿಸುವ ತೊಟ್ಟಿ ಇಲ್ಲದ ಮೀನಿನ ಲಾರಿಗಳನ್ನು ಬಂದರಿನಿಂದ ಹೊರಬಿಡುವ ಮುನ್ನವೇ ತಡೆದು ಪರಿಶೀಲಿಸುವಂತೆ ಜಿಲ್ಲಾಡಳಿತವನ್ನೂ ಸಾರಿಗೆ ಇಲಾಖೆಯನ್ನೂ ವಿನಂತಿಸುತ್ತೇನೆ.

– ಒಬ್ಬ ಬೈಕ್ ಸವಾರ, ಕೋಡಿಬಾಗ, ಕಾರವಾರ