ವಿದುರಾಶ್ವತ್ಥದಿಂದ ಗಂಡಿಕೋಟದವರೆಗೆ ನನ್ನ ಜೊತೆ ಬಂದವರಿಗೆ

ನಮ್ಮ ಶಾಲೆಯ ಮಳೆನೀರಿನ ತೊಟ್ಟಿಗೆ ಕಳೆದ ವಾರ ಮುಚ್ಚಳ ಕೂತಿತು. 40 ಸಾವಿರ ಲೀಟರ್ ಹಿಡಿಯುವ ತೊಟ್ಟಿ. ಅದಕ್ಕೆ ಹಣ ಕೊಟ್ಟವರು ನೀವು. ಒಬ್ಬೊಬ್ಬರ ಮನೆಗೂ ಬಂದು ಹೇಳಬೇಕಿತ್ತು. ಆಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗೌರಿಬಿದನೂರು ಕಡೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಎರಡು ವರ್ಷದ ಹಿಂದೆ ಏಳನೇ ತರಗತಿಯ ಮಕ್ಕಳ ಗುಂಪು ಫೋಟೋ ತೆಗೆಯುತ್ತಿದ್ದೆ. "ಸ್ವಲ್ಪ ನಗ್ರೋ" ಅಂದೆ. ಒಬ್ಬ ಹುಡುಗಿ ಮೆಲ್ಲಗೆ, "ಬಾಯಿ ಮುಚ್ಕೊಂಡೇ ತೆಗೀರಿ ಸಾರ್" ಅಂದಳು. ಉಳಿದವರೂ ತುಟಿ ಬಿಗಿದು ನಿಂತರು. ಹಲ್ಲಿನ ಮೇಲೆ ಕಂದು ಪಟ್ಟೆ. ಅದು ಉಜ್ಜದೆ ಬಂದ ಕೊಳೆಯಲ್ಲ. ಆಳದ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಮಾಡಿದ ಕೆಲಸ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಬೋರಿನಲ್ಲಿ ಅದರ ದುಪ್ಪಟ್ಟು ಇತ್ತು. ಹಲ್ಲು ವಸಡಿನ ಒಳಗೆ ರೂಪುಗೊಳ್ಳುವಾಗಲೇ ಕಲೆ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಜಾಸ್ತಿ ವರ್ಷ ಕುಡಿದರೆ ಮೂಳೆಗೂ ಇಳಿಯುತ್ತದೆ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ತುಂಬಾ ತಾಯಂದಿರು ನಂಬಿದ್ದರು. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಇದನ್ನು ಓದಿದವರು ದಯವಿಟ್ಟು ನಾಲ್ಕು ಜನಕ್ಕೆ ಹೇಳಿ.

ಹಿಂದೆ ಒಂದು ಫಿಲ್ಟರ್ ಘಟಕ ಬಂದಿತ್ತು. ಕೆಟ್ಟ ಮೇಲೆ ರಿಪೇರಿಗೆ ಯಾರೂ ಬರಲಿಲ್ಲ. ಮಳೆನೀರಿನಲ್ಲಿ ಈ ಫ್ಲೋರೈಡ್ ತೊಂದರೆಯೇ ಇಲ್ಲ. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬೀಳುತ್ತದೆ. ಮಕ್ಕಳ ಕೈಯಲ್ಲೇ ಚಾವಣಿ ಅಳೆಸಿ ಲೆಕ್ಕ ಹಾಕಿಸಿದೆ. ಅಂಗನವಾಡಿಯ ಪುಟ್ಟವರನ್ನೂ ಸೇರಿಸಿ ಎಲ್ಲರಿಗೂ ಕುಡಿಯಲು ಸಾಕಾಗಿ ಇನ್ನೂ ಉಳಿಯುತ್ತಿತ್ತು. ಇಲ್ಲದ್ದು ದುಡ್ಡು ಮಾತ್ರ.

ನನಗೆ ಓಡುವುದೊಂದು ಗೊತ್ತು. ಅದಕ್ಕೇ ತೊಟ್ಟಿಗೆ ಹಣ ಕೂಡಿಸಲು ಕಳೆದ ದಸರಾ ರಜೆಯಲ್ಲಿ ನಮ್ಮ ಹೊಳೆಯ ದಾರಿ ಹಿಡಿದು ಓಡಿದೆ. ನಂದಿ ಬೆಟ್ಟದ ಪಕ್ಕದ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ನಮ್ಮೂರಿಗೆ ಬರುವಷ್ಟರಲ್ಲಿ ವರ್ಷದ ಬಹುಪಾಲು ದಿನ ಬರೀ ಮರಳು, ಸೀಮೆಜಾಲಿ. ಅದೇ ಹೊಳೆ ಆಂಧ್ರದಲ್ಲಿ ಪೆನ್ನಾ ಆಗಿ, ಗಂಡಿಕೋಟದಲ್ಲಿ ಎರ್ರಮಲ ಬೆಟ್ಟವನ್ನೇ ಸೀಳಿಕೊಂಡು ಹರಿಯುತ್ತದೆ. ನಮ್ಮ ಮಕ್ಕಳಿಗೆ ಈ ವಿಷಯ ಹೇಳಿದಾಗ ನಂಬಲೇ ಇಲ್ಲ. "ನಮ್ ಹೊಳೇನಾ ಸಾರ್?" ಅಂದರು.

ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕಕ್ಕೆ ಕೈಮುಗಿದು ಹೊರಟೆ. ಹಿಂದೂಪುರ, ಪಾವಗಡ ತಾಲ್ಲೂಕಿನ ನಾಗಲಮಡಿಕೆ, ಅನಂತಪುರ, ತಾಡಿಪತ್ರಿ. ಏಳು ದಿನ, ಸುಮಾರು 270 ಕಿಲೋಮೀಟರ್. ನನ್ನ ಭಾಮೈದ ತನ್ನ ಟಿವಿಎಸ್ ಎಕ್ಸೆಲ್‌ನಲ್ಲಿ ನೀರು, ಬಾಳೆಹಣ್ಣು, ಚಾಪೆ ಕಟ್ಟಿಕೊಂಡು ಏಳೂ ದಿನ ಹಿಂದೆ ಬಂದ. ಅಂಗಡಿಗೆ ಬೀಗ ಹಾಕಿ ಬಂದಿದ್ದ. ಅವನಿಗೆ ಏನು ಹೇಳಲಿ? ರಾತ್ರಿ ನನ್ನ ಕಾಲಿಗೆ ಎಣ್ಣೆ ಹಚ್ಚಿದವನೂ ಅವನೇ.

ನಾಗಲಮಡಿಕೆಯ ಸುಬ್ರಹ್ಮಣ್ಯ ದೇವಸ್ಥಾನದ ಹತ್ತಿರ ಹೂವು ಮಾರುವ ಅಜ್ಜಿಯೊಬ್ಬರು ವಿಷಯ ಕೇಳಿ ಇಪ್ಪತ್ತು ರೂಪಾಯಿ ಕೊಟ್ಟರು. ಬೇಡ ಅಂದರೆ ಬೈದರು.

ಐದನೇ ದಿನ ಅನಂತಪುರ ದಾಟಿದ ಮೇಲೆ ನನ್ನ ಕೈಲಾಗಲಿಲ್ಲ. ಸುಡು ಬಿಸಿಲು. ಬೆವರು ಸುರಿಯುತ್ತಿತ್ತು, ನಾನು ಬರೀ ನೀರು ಕುಡಿಯುತ್ತಿದ್ದೆ. ಉಪ್ಪು ತಿನ್ನಬೇಕು ಎಂಬುದು ಗೊತ್ತಿದ್ದೂ ಬಿಟ್ಟಿದ್ದೆ. ವಾಂತಿಯಾಯಿತು, ತಲೆ ತಿರುಗಿ ಹುಣಸೆಮರದ ಬುಡದಲ್ಲಿ ಕೂತುಬಿಟ್ಟೆ. ಕಡಲೆಕಾಯಿ ಹೊಲದಿಂದ ಒಬ್ಬ ಅಕ್ಕ ಓಡಿ ಬಂದರು. ತಮ್ಮ ಊಟದ ಬುತ್ತಿಯಿಂದ ಉಪ್ಪು ಹಾಕಿದ ರಾಗಿ ಅಂಬಲಿ ಬಗ್ಗಿಸಿ, "ತಾಗು ತಮ್ಮುಡು" (ಕುಡಿ ತಮ್ಮ) ಅಂತ ತೆಲುಗಿನಲ್ಲಿ ಹೇಳಿ ಕುಡಿಸಿದರು. ಎರಡು ಗಂಟೆ ಅಲ್ಲೇ ಮಲಗಿದ್ದೆ. ಆ ಅಕ್ಕನ ಹೆಸರು ಕೇಳದೆ ಬಂದೆ. ಅದೊಂದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಅಕ್ಕಾ, ಆ ಮಧ್ಯಾಹ್ನ ನೀವು ಬರದೇ ಹೋಗಿದ್ದರೆ ನಾನು ವಾಪಸು ಬಸ್ಸು ಹತ್ತುತ್ತಿದ್ದೆ.

ಏಳನೇ ದಿನ ಸಂಜೆ ಗಂಡಿಕೋಟದ ಕೋಟೆ ದಾಟಿ ಬಂಡೆಗಳ ಅಂಚಿಗೆ ಬಂದೆ. ಗಂಡಿ ಅಂದರೆ ನಮ್ಮಲ್ಲೂ ಸಂದು, ಕಿಂಡಿ ಎಂದೇ ಅರ್ಥ, ಅಲ್ವಾ? ಎರಡೂ ಕಡೆ ಇಟ್ಟಿಗೆ ಜೋಡಿಸಿದ ಹಾಗೆ ಕೆಂಪು ಬಂಡೆ, ಕೆಳಗೆ ತುಂಬಿ ನಿಂತ ನೀರು. ಮಕ್ಕಳಿಗೆ ವಿಡಿಯೋ ಕಾಲ್ ಮಾಡಿ, "ನೋಡ್ರೋ, ನಮ್ಮ ಹೊಳೆ" ಅಂದೆ. ಮುಂದೆ ಮಾತಾಡಲು ಆಗಲಿಲ್ಲ. ಫೋನನ್ನು ಭಾಮೈದನ ಕೈಗೆ ಕೊಟ್ಟೆ.

ಒಟ್ಟು ಬಂದದ್ದು 3,41,650 ರೂಪಾಯಿ. ಶಿಡ್ಲಘಟ್ಟ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟ ರೈತರು, ಕೂಲಿ ಬಿಟ್ಟು ಗುಂಡಿ ತೋಡಿದ ಪೋಷಕರು, ಬೆಂಗಳೂರಿನಿಂದ ಕಳಿಸಿದ ಹಳೆಯ ವಿದ್ಯಾರ್ಥಿಗಳು, ಅರ್ಧ ಕೂಲಿಗೆ ಕೆಲಸ ಮಾಡಿದ ಗಾರೆ ಮೇಸ್ತ್ರಿ, ಎಲ್ಲರಿಗೂ ಕೈಮುಗಿಯುತ್ತೇನೆ. ಸಿಮೆಂಟಿನಿಂದ ನಲ್ಲಿಯವರೆಗೆ ಎಲ್ಲ ಬಿಲ್ಲುಗಳನ್ನೂ ಶಾಲೆಯ ಗೋಡೆಗೆ ಅಂಟಿಸಿದ್ದೇವೆ. ಬಂದು ನೋಡಿ.

ಮೊನ್ನೆ ರೋಹಿಣಿ ಮಳೆ ಒಂದು ಹದ ಬಿತ್ತು. ಚಾವಣಿ ತೊಳೆದು ಹೋಗಲಿ ಎಂದು ಆ ನೀರನ್ನು ಹೊರಗೆ ಬಿಟ್ಟೆವು. ಮಕ್ಕಳಿಗೆ ಹೊಟ್ಟೆ ಉರಿಯಿತು. ಈಗ ಮೃಗಶಿರಕ್ಕೆ ಕಾಯುತ್ತಿದ್ದೇವೆ.