ಸಹಿ ಹಾಕುವ ಮುನ್ನ, ಮಗಳಿಗೆ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಾವು ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಎಂಟು ಮನೆಗಳ ಆ ಕಟ್ಟಡದ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಪತ್ರಗಳಿಗೆ ನಾಡಿದ್ದು ಸಹಿ ಹಾಕಲಿರುವೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ಬಡ್ಡಿ ಶೇ. 9ರಿಂದ 8ಕ್ಕೆ ಇಳಿದಿದೆ, ಕಂತು ಶೇ. 40ಕ್ಕೂ ಹೆಚ್ಚು ತಗ್ಗುತ್ತದೆ ಎಂದು ನೀನು ಹೇಳಿದೆ. ಅಷ್ಟು ತಗ್ಗುವುದು, 8 ವರ್ಷಗಳಲ್ಲಿ ಮುಗಿಯಬೇಕಾದ ಸಾಲವನ್ನು ಮತ್ತೆ 20 ವರ್ಷಕ್ಕೆ ಎಳೆಯುವುದರಿಂದ. ಮೊದಲ ಸಾಲ 100 ಎಂದಿಟ್ಟುಕೊಂಡರೆ, 12 ವರ್ಷ ಕಟ್ಟಿದ ಮೇಲೂ ಅಸಲು ಸುಮಾರು 61 ಉಳಿದಿದೆ. ಹೀಗೇ ಮುಂದುವರಿದರೆ ಇನ್ನು ಕಟ್ಟಬೇಕಾದ ಬಡ್ಡಿ 25, ನಿನ್ನ ಹೊಸ ಅವಧಿಗೆ 62. ಅವಧಿಯನ್ನು 8 ವರ್ಷಕ್ಕೇ ನಿಲ್ಲಿಸಿದರೆ ಕಂತು ತಗ್ಗುವುದು ಬರೀ ಶೇ. 3.5. ಅವಧಿಗೆ ಮುನ್ನ ಸಾಲ ತೀರಿಸಿದ್ದಕ್ಕೆ ಹಳೆಯ ಬ್ಯಾಂಕು ದಂಡ ಹಾಕುವುದಾದರೆ ಅದನ್ನೂ, ಮೌಲ್ಯಮಾಪನ, ಕಾಗದಪತ್ರಗಳ ಖರ್ಚನ್ನೂ ಕೂಡಿಸಿ, ಕಂತಿನಲ್ಲಿ ತಿಂಗಳಿಗೆ ಹೀಗೆ ಉಳಿಯುವ ಹಣದಿಂದ ಭಾಗಿಸು. ಅಷ್ಟು ತಿಂಗಳು ಕಟ್ಟಡವನ್ನು ಮಾರದೆ ಇಟ್ಟುಕೊಳ್ಳುವುದಾದರೆ ಮಾತ್ರ ಸಹಿ ಹಾಕು.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಕಟ್ಟಡದ ಬೆಲೆ ಏರಿದೆಯೆಂದು ಅದರ ಮೇಲೆ ಇನ್ನಷ್ಟು ಹಣ ಎತ್ತುವೆ ಎಂದೆಯಲ್ಲ, ಆಗಿನಿಂದ ನನ್ನ ಹಳೆಯ ಬಾಡಿಗೆ ಪುಸ್ತಕವೇ ಕಣ್ಣ ಮುಂದಿದೆ. ಈಗ ನೀನು ವರ್ಗಾಯಿಸುತ್ತಿರುವುದು, ಎಂಟೂ ಮನೆ ತುಂಬಿದ್ದ ವರ್ಷ ನಾನು ಹಾಗೆಯೇ ಎತ್ತಿದ ಸಾಲ. ಖರ್ಚು ಕಳೆದ ಬಾಡಿಗೆ ಕಂತಿನ 1.25 ಪಟ್ಟು ಇದೆ, ಸಾಕು ಎಂದು ಬ್ಯಾಂಕಿನವರೂ ಒಪ್ಪಿದ್ದರು. ಬಾಡಿಗೆ 100 ಬಂದರೆ ಖರ್ಚು 30, ಕಂತು 56. ಮನೆ ಖಾಲಿಯಾದರೂ ಖರ್ಚು ಇಳಿಯದು. ಒಂದು ಮನೆ ಖಾಲಿಯಾದಾಗ ತಿಂಗಳಿಗೆ ಒಂದೂವರೆ ಉಳಿಯಿತು, ಎರಡನೆಯದೂ ಖಾಲಿಯಾದಾಗ 11ನ್ನು ಕೈಯಿಂದ ಹಾಕಬೇಕಾಯಿತು. ಪುಸ್ತಕದಲ್ಲಿ ಆ ಎರಡು ಮನೆಗಳ ಸಾಲುಗಳಲ್ಲಿ ಪೆನ್ಸಿಲಿನಿಂದ ಬರಬಹುದಾದ ಬಾಡಿಗೆ ಬರೆಯುವುದು, ತಿಂಗಳ ಕೊನೆಗೆ ಅಳಿಸುವುದು, ಮತ್ತೆ ಸ್ವಲ್ಪ ಕಡಿಮೆ ಬರೆಯುವುದು. ಹತ್ತು ತಿಂಗಳು ಹೀಗೇ ನಡೆಯಿತು, ಕಾಗದ ತೂತಾಯಿತು. ನಿನ್ನ ಅಮ್ಮನಿಗೂ ಹೇಳಲಿಲ್ಲ. ಓದಲು ದೂರದ ಊರಿಗೆ ಹೋಗುತ್ತೇನೆಂದು ನೀನು ಕೇಳಿದಾಗ 'ಮುಂದಿನ ವರ್ಷ ನೋಡೋಣ' ಎಂದದ್ದು ನಿನ್ನ ಮೇಲಿನ ಅಪನಂಬಿಕೆಯಿಂದಲ್ಲ, ಆ ಎರಡು ಸಾಲುಗಳಿಂದ. ಇದನ್ನು ಹೇಳಲು ಇಷ್ಟು ವರ್ಷ ತೆಗೆದುಕೊಂಡೆ, ಕ್ಷಮಿಸು.

ನೀನು ಕಳುಹಿಸಿದ ಲೆಕ್ಕಪಟ್ಟಿ ನನ್ನ ಪುಸ್ತಕಕ್ಕಿಂತ ಎಷ್ಟೋ ಅಚ್ಚುಕಟ್ಟಾಗಿದೆ. ಹೆಮ್ಮೆಯಿಂದ ಎರಡು ಬಾರಿ ಓದಿದೆ. ಅದರಲ್ಲಿ ಖಾಲಿ ಮನೆಗೆ ಜಾಗವೇ ಇಲ್ಲ. ಎರಡು ಮನೆ ಹತ್ತು ತಿಂಗಳು ಖಾಲಿ ಎಂದು ಬರೆದು ನೋಡು. ಆಗಲೂ ಕಂತು ಕಟ್ಟಬಲ್ಲೆಯಾದರೆ ಹಣ ಎತ್ತು, ಇಲ್ಲವಾದರೆ ಇರುವ ಅಸಲನ್ನಷ್ಟೇ ವರ್ಗಾಯಿಸು. ಆ ಹಾಳೆಯನ್ನು ನಾಳೆ ರಾತ್ರಿ ಕಳುಹಿಸು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತು,
ನಿನ್ನ ಅಪ್ಪ